ಸಂಬಂಧ: ತಂಗಿ

ಅಕ್‌ತೂಮಾ ಹಳ್ಳಿ
4 ಮಾರ್ಚ್ 1993

ಪ್ರಾಂತೀಯ ದಾಖಲೆ ಭಂಡಾರದವರಿಗೆ,

ನನ್ನ ತಂದೆಯ ಹೆಸರು ಸ್ಮಗುಲ್. ಈ ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. 1937ರ ನವೆಂಬರಿನಲ್ಲಿ ಅವರನ್ನು ಹಿಡಿದುಕೊಂಡು ಹೋದರು. ಐವತ್ತೇಳರಲ್ಲಿ ಮನೆಗೆ ಒಂದು ಚೀಟಿ ಬಂತು: ನ್ಯುಮೋನಿಯಾದಿಂದ ಸತ್ತರು, 1942. ಹೋದ ವರ್ಷ ಇನ್ನೊಂದು ಬಂತು: ಗುಂಡಿಕ್ಕಲಾಗಿದೆ, ಫೆಬ್ರವರಿ 1938, ಅಪರಾಧವೇನೂ ಇರಲಿಲ್ಲ. ಎರಡರ ಮೇಲೂ ದುಂಡು ಸೀಲು ಇದೆ. ಯಾವ ಸೀಲನ್ನು ನಂಬಬೇಕು ಎಂದು ಯಾರೂ ಹೇಳಲಿಲ್ಲ.

ಅವರ ಫೈಲು ಈಗ ನಿಮ್ಮಲ್ಲಿದೆ ಎಂದು ತಿಳಿಯಿತು. ಅದನ್ನು ನಾನು ಕಣ್ಣಾರೆ ನೋಡಬೇಕು. ನನಗೆ ಅರವತ್ತೆರಡು ವರ್ಷ. ನಲವತ್ತು ವರ್ಷ ಕುರಿಗಳಿಗೆ ಸೂಜಿ ಚುಚ್ಚಿ ನಿವೃತ್ತಳಾದವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಎಂದು ಬರಬೇಕು, ಅಷ್ಟು ತಿಳಿಸಿ.

ಸ್ಮಗುಲನ ಮಗಳು ಕುಲ್ಪಾಶ್


ಪ್ರಾಂತೀಯ ದಾಖಲೆ ಭಂಡಾರ, ಓದುಗರ ಕೊಠಡಿ
22 ಮಾರ್ಚ್ 1993

ಮಾನ್ಯ ಕುಲ್ಪಾಶ್ ಅವರಿಗೆ,

ನಿಮ್ಮ ಅರ್ಜಿ ತಲುಪಿದೆ. ದಮನಕ್ಕೊಳಗಾದವರ ಫೈಲುಗಳನ್ನು ಹತ್ತಿರದ ಬಂಧುಗಳಿಗೆ ಮಾತ್ರ ತೋರಿಸಲಾಗುತ್ತದೆ, ಬಂಧುತ್ವಕ್ಕೆ ದಾಖಲೆ ಬೇಕು. 1931ರ ಜನನ ನೋಂದಣಿ ಪುಸ್ತಕವನ್ನು ತೆಗೆದು ನೋಡಿದೆ. ಅದರ ಪ್ರಕಾರ ನಿಮ್ಮ ತಂದೆ ಒತೆಗೆನ್, ತಾಯಿ ಝಮಿಗಾ. ಸ್ಮಗುಲ್ ಕೂಡ ಅದೇ ದಂಪತಿಯ ಮಗ. ಆದ್ದರಿಂದ ನೀವು ಅವರಿಗೆ ಮಗಳಲ್ಲ, ತಂಗಿ.

ಚಿಂತೆ ಬೇಡ, ತಂಗಿಗೂ ಫೈಲು ನೋಡುವ ಹಕ್ಕಿದೆ. ಇದರ ಜೊತೆ ಒಂದು ಅರ್ಜಿ ನಮೂನೆ ಇಟ್ಟಿದ್ದೇನೆ. 'ಸಂಬಂಧ' ಎಂಬಲ್ಲಿ 'ತಂಗಿ' ಎಂದು ತುಂಬಿ ಸಹಿ ಮಾಡಿ ಕಳಿಸಿದರೆ ಎರಡೇ ವಾರದಲ್ಲಿ ಫೈಲು ನಿಮ್ಮ ಮುಂದಿರುತ್ತದೆ.

ತುರ್ಲಿಬೆಕ್, ಹಿರಿಯ ಸಹಾಯಕ


ಅಕ್‌ತೂಮಾ
2 ಏಪ್ರಿಲ್ 1993

ತುರ್ಲಿಬೆಕ್ ಅವರೇ,

ನಿಮ್ಮ ಹೆಸರು ನೋಡಿದರೆ ಕಝಕರು. ಕಾಗದ ಓದಿದರೆ ಬೀರುವಿನೊಳಗೆ ಹುಟ್ಟಿ ಅಲ್ಲೇ ಬೆಳೆದವರ ಹಾಗಿದ್ದೀರಿ. ನಮ್ಮಲ್ಲಿ ಮೊದಲ ಮಗು ಯಾರ ಮಡಿಲಿಗೆ ಹೋಗುತ್ತದೆ ಎಂದು ನಿಮಗೂ ನಾನೇ ಹೇಳಿಕೊಡಬೇಕೆ? ಗಂಡನ ತಂದೆತಾಯಿಗೆ. ಹೆತ್ತವಳು ಹಾಲು ಕೊಡುತ್ತಾಳೆ, ಮಗು ಮಾತ್ರ ಅಜ್ಜ ಅಜ್ಜಿಯದು. ಅಜ್ಜ ಕುದುರೆ ಹತ್ತಿ ಹಳ್ಳಿ ಕಚೇರಿಗೆ ಹೋಗಿ ತನ್ನ ಮಗಳೆಂದೇ ಬರೆಸಿ ಬಂದ. ಅವನ ತಪ್ಪೇನೂ ಇಲ್ಲ, ಅವನ ಅಪ್ಪನೂ ಹಾಗೇ ಮಾಡಿದ್ದ. ನಾನು ಅಜ್ಜನನ್ನು ಅಪ್ಪ ಎಂದೆ, ಅಜ್ಜಿಯನ್ನು ಅಮ್ಮ ಎಂದೆ. ಹೆತ್ತ ತಾಯಿಯನ್ನು ಅತ್ತಿಗೆ ಎಂದೆ. ನನಗೆ ನಾಲ್ಕು ವರ್ಷವಿದ್ದಾಗ ಎರಡನೆಯ ಹೆರಿಗೆಯಲ್ಲಿ ಅವಳು ಮಗುವಿನ ಜೊತೆಗೇ ತೀರಿಕೊಂಡಳು. ಹೆತ್ತ ತಂದೆಯನ್ನು ಅಣ್ಣ ಎಂದೆ.

ನನಗೆ ಗೊತ್ತಿತ್ತು. ಅಂಥ ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ. ತನ್ನ ತಂದೆಯ ಎದುರಿಗೆ ಸ್ವಂತ ಮಗಳನ್ನು ಎತ್ತಿ ಮುದ್ದಾಡುವುದು ನಾಚಿಕೆಗೇಡು ಎಂದು ಅವನು ನನ್ನನ್ನು ಶಾಲೆಯ ಹಿಂದೆ ಕರೆದುಕೊಂಡು ಹೋಗಿ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ.

ಇಡೀ ಬದುಕು ತಂಗಿಯಾಗಿ ಕಳೆದಿದ್ದೇನೆ. ಇನ್ನೊಂದು ಸಲ ತಂಗಿ ಎಂದು ಸಹಿ ಹಾಕುವುದಿಲ್ಲ. ನಮ್ಮ ಫಾರಮ್ಮಿನ ಟಗರುಗಳಿಗೂ ಕಿವಿಯಲ್ಲಿ ನಂಬರು ಇರುತ್ತಿತ್ತು, ಯಾವುದು ಯಾವುದಕ್ಕೆ ಹುಟ್ಟಿತೆಂದು ಮೂರು ತಲೆಮಾರು ಬರೆದಿಡುತ್ತಿದ್ದೆ. ನನ್ನ ವಿಷಯದಲ್ಲಿ ಈ ಸರ್ಕಾರಕ್ಕೆ ಅಷ್ಟೂ ಆಗಲಿಲ್ಲವೇ? ಎಲ್ಲಾದರೂ ಒಂದು ಹಾಳೆ ಇರಲೇಬೇಕು, ನಾನು ಅವನ ಮಗಳು ಎನ್ನುವ ಹಾಳೆ. ಹುಡುಕಿ. ನಿಮಗೆ ಸಂಬಳ ಕೊಡುವುದು ಅದಕ್ಕೇ.

ನಿಮ್ಮ ನಮೂನೆ ಒಲೆಗೆ ಹೋಯಿತು.

ಸ್ಮಗುಲನ ಮಗಳು ಕುಲ್ಪಾಶ್


ಓದುಗರ ಕೊಠಡಿ
20 ಏಪ್ರಿಲ್ 1993

ಕುಲ್ಪಾಶ್ ಅಪಾ,

ನಿಮ್ಮ ಬೈಗುಳ ತಲುಪಿತು. ಬೈಯುವ ಹಿರಿಯಕ್ಕನನ್ನು ಅಪಾ ಎನ್ನದೆ ಇನ್ನೇನೆನ್ನಲಿ? ನಾನೂ ಅಜ್ಜಿಯ ಮಗುವೇ. ನನ್ನ ಹೆತ್ತ ತಾಯಿ ಇನ್ನೂ ಇದ್ದಾರೆ, ಐವತ್ತು ದಾಟಿದ ನಾನು ಇವತ್ತಿಗೂ ಅವರನ್ನು ಅತ್ತಿಗೆ ಎಂದೇ ಕರೆಯುತ್ತೇನೆ. ಹಾಗಾಗಿ ಪದ್ಧತಿ ನನಗೆ ಗೊತ್ತು. ನಿಯಮಕ್ಕೆ ಗೊತ್ತಿಲ್ಲ, ಅಷ್ಟೇ.

ಹುಡುಕಿದೆ. 1934ರ ಮನೆವಾರು ಪುಸ್ತಕದಲ್ಲಿ ನೀವು ಒತೆಗೆನ್ ಅವರ ಮಗಳು. 1936ರ ಸಿಡುಬಿನ ಚುಚ್ಚುಮದ್ದಿನ ಪಟ್ಟಿಯಲ್ಲೂ ಹಾಗೇ. ಸ್ಮಗುಲ್ ಅವರೇ ಕೈಯಾರೆ ಬರೆದ ಶಾಲೆಯ ಹಾಜರಿ ಪುಸ್ತಕದಲ್ಲೂ ಹಾಗೇ, ಅದನ್ನು ನೋಡಿ ನನಗೂ ಒಂಥರಾ ಆಯಿತು. ಅವರ ಫೈಲನ್ನೂ ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಎಪ್ಪತ್ತೆರಡು ಹಾಳೆ. ಮೊದಲ ಕೆಲವು ನೋಡಿದೆ. ನಿಮ್ಮ ಕೆಲಸಕ್ಕೆ ಬರುವಂಥದ್ದು ಅದರಲ್ಲಿ ಏನೂ ಇಲ್ಲ.

ಅಪಾ, ನನ್ನ ಮಾತು ಕೇಳಿ. ನಿಮಗೆ ಫೈಲು ಬೇಕೋ, ಒಂದು ಪದ ಬೇಕೋ? ತಂಗಿ ಎಂದು ಬರೆದುಬಿಡಿ. ಬನ್ನಿ. ಅವರ ಫೋಟೋ ಇದೆ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಅದನ್ನು ನೋಡಿ ಹೋಗಿ. ಹಾಳೆ ಹಾಳೆಯನ್ನೂ ಓದಲೇಬೇಕು ಎಂದೇನಿಲ್ಲ. ಇನ್ನೊಂದು ನಮೂನೆ ಇಟ್ಟಿದ್ದೇನೆ.

ತುರ್ಲಿಬೆಕ್


ಅಕ್‌ತೂಮಾ
5 ಮೇ 1993

ತುರ್ಲಿಬೆಕ್,

'ಕೆಲಸಕ್ಕೆ ಬರುವಂಥದ್ದು ಏನೂ ಇಲ್ಲ' ಎಂದು ಹೇಳಲು ನೀನು ಯಾರು? ನನ್ನ ಅಪ್ಪನ ಫೈಲನ್ನು ಮೇಜಿನ ಮೇಲೆ ಇಟ್ಟುಕೊಂಡು ಚಹಾ ಕುಡಿಯುತ್ತಾ ತಿರುವಿಹಾಕಲು ನಿನಗೆ ಹಕ್ಕಿದೆ, ನನಗೆ ಇಲ್ಲ. ಮೇಲಿಂದ ಎಲ್ಲವನ್ನೂ ಓದಬೇಡ ಎಂಬ ಬುದ್ಧಿವಾದ ಬೇರೆ. ನನಗೇನು ಅರ್ಥವಾಗುವುದಿಲ್ಲವೇ? ಬೇಗ ಮುಗಿಸಿ ಕೈ ತೊಳೆದುಕೊಳ್ಳುವ ಆತುರ ನಿನಗೆ.

ಆ ಪದ ಯಾಕೆ ಬೇಕು ಎಂದು ಕೇಳಿದೆ. ಹೇಳುತ್ತೇನೆ, ಮಕ್ಕಳಿಗೂ ಹೇಳಿದವಳಲ್ಲ. ಅವನನ್ನು ಹಿಡಿಯಲು ಬಂದ ದಿನ ಚಳಿಗಾಲಕ್ಕೆಂದು ಕುದುರೆ ಕಡಿದಿದ್ದೆವು. ಅಂಗಳದ ತುಂಬ ಮಾಂಸ, ಉಪ್ಪು, ಹೆಂಗಸರು. ಇಬ್ಬರು ಬಂದರು. ಒಬ್ಬ ನನ್ನನ್ನು ಪಕ್ಕಕ್ಕೆ ಕರೆದು ಕುಕ್ಕರಗಾಲಲ್ಲಿ ಕೂತ.

"ಪುಟ್ಟಿ, ಈ ಮಾಸ್ತರು ನಿಂಗೇನಾಗ್ಬೇಕು?"

"ಅಣ್ಣ."

"ನಿಜ ಹೇಳು. ಅಪ್ಪ ಅಲ್ವಾ?"

"ಅಲ್ಲ. ನಮ್ಮಪ್ಪ ಅಲ್ಲಿ ಮಾಂಸ ಕುಯ್ತಾವ್ರೆ. ಇವ್ನು ಅಣ್ಣ."

ನಾನು ಅಣ್ಣ ಎಂದವನು ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿತು. ನನ್ನನ್ನು ನೋಡಲಿಲ್ಲ, ನೆಲ ನೋಡಿದ. ಆಮೇಲೆ ಗಾಡಿ ಹತ್ತಿಸಿದರು. ಅವನು ನನ್ನ ಬಾಯಿಂದ ಕೇಳಿದ ಕೊನೆಯ ಮಾತು ಅದು, ನೀನು ನನ್ನ ಅಪ್ಪ ಅಲ್ಲ ಎನ್ನುವುದು. ಅದನ್ನು ಎಲ್ಲಾದರೂ ಒಂದು ಕಡೆ ಅಳಿಸಬೇಕು ನಾನು. ಅವನ ಫೈಲಿನ ಮೇಲೆ ಮಗಳು ಎಂದು ಬರೆದೇ ಅಳಿಸಬೇಕು. ನಾಚಿಕೆಯಿದ್ದರೆ ಇನ್ನೊಂದು ನಮೂನೆ ಕಳಿಸಬೇಡ.

ನಿನ್ನ ನಿರ್ದೇಶಕರಿಗೆ ದೂರು ಬರೆದಿದ್ದೇನೆ. ಜಿಲ್ಲಾ ಕೋರ್ಟಿನಲ್ಲಿ ಕೇಸನ್ನೂ ಹಾಕಿದ್ದೇನೆ. ಮೂವರು ಮುದುಕಿಯರು ಸಾಕ್ಷಿಗೆ ಬರುತ್ತಾರೆ. ಮೂವರಿಗೂ ಸೇರಿ ಹಲ್ಲು ನಾಲ್ಕು, ನೆನಪು ಮಾತ್ರ ಗಟ್ಟಿ.

ಸ್ಮಗುಲನ ಮಗಳು ಕುಲ್ಪಾಶ್


ಓದುಗರ ಕೊಠಡಿ
19 ಮೇ 1993

ಕುಲ್ಪಾಶ್ ಅಪಾ,

ನಿಮ್ಮ ದೂರು ತಲುಪಿದೆ, ಸಂತೋಷಪಡಿ. ನಿರ್ದೇಶಕರು ಆರು ಜನರ ಮುಂದೆ ಅದನ್ನು ಗಟ್ಟಿಯಾಗಿ ಓದಿದರು. "ಏನ್ರೀ ತುರ್ಲಿಬೆಕ್, ಹಳ್ಳಿ ಮುದುಕಿ ಕೈಲಿ ಉಗಿಸ್ಕೊಳ್ಳೋದಕ್ಕಾ ನಿಮ್ಮನ್ನ ಇಟ್ಕೊಂಡಿರೋದು?" ಎಂದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಹೆಸರಿಗೆ ಬಂದ ಮೊದಲ ಛೀಮಾರಿ ಇದು.

ಕೈ ತೊಳೆದುಕೊಳ್ಳುವ ಆತುರ ನನಗೆ, ಅಲ್ಲವೇ? ನೀವು ಮಧ್ಯಾಹ್ನ ಉಣ್ಣುವ ಹೊತ್ತಿನಲ್ಲಿ ನಾನು ನಿಮ್ಮ ಚುಚ್ಚುಮದ್ದಿನ ಪಟ್ಟಿಯ ಧೂಳು ಕುಡಿಯುತ್ತಿದ್ದೆ. ಓದಬೇಡಿ ಎಂದದ್ದು ನಿಮ್ಮ ಮೇಲಿನ ಕನಿಕರಕ್ಕೆ. ಬೇಡವೆಂದಿರಿ. ಸರಿ, ತಗೊಳ್ಳಿ. ಹಾಳೆ ಎರಡು, ಬಂಧಿತನ ವಿವರ, ಅವರೇ ಹೇಳಿ ಅವರೇ ಸಹಿ ಮಾಡಿದ್ದು:

ಹೆಂಡತಿ: ತೀರಿಕೊಂಡಿದ್ದಾಳೆ, 1935.
ಮಕ್ಕಳು: ಇಲ್ಲ.
ಮನೆಯಲ್ಲಿರುವವರು: ತಂದೆ, ತಾಯಿ, ತಂಗಿ ಒಬ್ಬಳು.

ನೀವು ಕೋರ್ಟಿನಿಂದ ಯಾವ ಕಾಗದ ತಂದರೂ ಈ ಹಾಳೆಯ ಎದುರು ಕೂತು ಇದನ್ನು ಓದಬೇಕಾಗುತ್ತದೆ. ಅದು ಆಗದಿರಲಿ ಎಂದೇ ಒದ್ದಾಡಿದೆ. ಈಗ ನಿಮ್ಮಿಷ್ಟ.

ತುರ್ಲಿಬೆಕ್


ಓದುಗರ ಕೊಠಡಿ
30 ಜೂನ್ 1993

ಕುಲ್ಪಾಶ್ ಅಪಾ,

ಆರು ವಾರವಾಯಿತು, ನಿಮ್ಮಿಂದ ಬೈಗುಳವೂ ಇಲ್ಲ. ಹೋದ ಕಾಗದವನ್ನು ಸಿಟ್ಟಿನಲ್ಲಿ ಬರೆದು ಸಿಟ್ಟಿನಲ್ಲೇ ಡಬ್ಬಿಗೆ ಹಾಕಿದೆ. ಹಾಗೆ ಹೇಳಬಾರದಿತ್ತು, ತಪ್ಪಾಯಿತು. ನಿಮ್ಮ ಅಂಚೆಯವನಿಗೆ ಫೋನ್ ಮಾಡಿ ಕೇಳಿದೆ. "ಇದಾರೆ ಸಾರ್, ಹುಲ್ಲು ಒಟ್ಟಿಸ್ತಾವ್ರೆ, ಎಲ್ರುನೂ ಬಯ್ತಾವ್ರೆ" ಎಂದ. ಸ್ವಲ್ಪ ಸಮಾಧಾನವಾಯಿತು.

ಒಂದು ಸಾಲು ಬರೆಯಿರಿ.

ತುರ್ಲಿಬೆಕ್


ಅಕ್‌ತೂಮಾ
9 ಆಗಸ್ಟ್ 1993

ತುರ್ಲಿಬೆಕ್,

ಕೋರ್ಟು ಮುಗಿಯಿತು. ನ್ಯಾಯಾಧೀಶ ನನ್ನ ಕಿರಿ ಮಗನ ವಯಸ್ಸಿನವನು. ಸಾಕ್ಷಿಗೆ ನಿಂತ ಬಾತಿಮಾ ಅಜ್ಜಿಯನ್ನು ಕೇಳಿದ, "ಅಜ್ಜಿ, ಇವ್ರು ಸ್ಮಗುಲನ ಮಗಳು ಅಂತ ನಿಮಗೆ ಹೇಗೆ ಗೊತ್ತು?" ಅವಳು ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಇವ್ಳ ಹೊಕ್ಕಳುಬಳ್ಳಿ ಕುಯ್ದೋಳೇ ನಾನು ಕಣಪ್ಪ. ನೀನಾಗ ಎಲ್ಲಿದ್ದೆ?" ಕೋರ್ಟೆಲ್ಲ ನಕ್ಕಿತು. ನಾನು ಸ್ಮಗುಲನ ಮಗಳು ಎಂದು ತೀರ್ಪು ಬರೆದು ಸೀಲು ಹೊಡೆದು ಕೊಟ್ಟರು. ಮುದುಕಿಯರಿಗೆ ಊಟ ಹಾಕಿಸಿ ಮನೆಗೆ ಬಂದೆ.

ಆ ತೀರ್ಪು ಇದರ ಜೊತೆಗಿದೆ. ನನಗೆ ಬೇಡ. ಬೇಕಾದರೆ ಅದರಲ್ಲಿ ನಿನ್ನ ಚಹಾದ ಲೋಟ ಮುಚ್ಚಿಕೋ.

ಮೂರು ತಿಂಗಳು ನಿನ್ನ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ. ಸಿಟ್ಟು ಅವನ ಮೇಲೆ. ನಾನು ಆರು ವರ್ಷದವಳು, ಊರವರು ಹೇಳಿಕೊಟ್ಟದ್ದನ್ನು ಹೇಳಿದೆ. ಅವನು ಇಪ್ಪತ್ತೊಂಬತ್ತರ ಗಂಡಸು, ಓದಿದವನು, ಹತ್ತಾರು ಮಕ್ಕಳಿಗೆ ಅಕ್ಷರ ಕಲಿಸಿದವನು. ಅಲ್ಲಿ ಅವನಿಗೆ ನಾಚಲು ಅಪ್ಪ ಎದುರಿಗಿರಲಿಲ್ಲ, ಊರು ಇರಲಿಲ್ಲ. ಕೇಳಿದವರಿಗೆ ಒಬ್ಬಳು ಮಗಳಿದ್ದಾಳೆ ಎನ್ನಲು ಅವನ ಗಂಟೇನು ಹೋಗುತ್ತಿತ್ತು? ಇಷ್ಟು ವರ್ಷ ಪ್ರತಿ ಶುಕ್ರವಾರ, ಸತ್ತವರಿಗೆ ಮಾಡುವ ಹಾಗೆ, ಅವನ ಹೆಸರಲ್ಲಿ ರೊಟ್ಟಿ ಕರಿದು ಊರಿಗೆ ಹಂಚಿದ್ದೇನೆ. ಹೋದ ಶುಕ್ರವಾರ ಹಿಟ್ಟನ್ನೇ ಕಲಸಲಿಲ್ಲ. ಅವನಿಗೆ ಮಕ್ಕಳಿರಲಿಲ್ಲವಂತೆ, ಸಂತೋಷ. ಮಕ್ಕಳಿಲ್ಲದವನಿಗೆ ರೊಟ್ಟಿ ಕರಿಯುವವರು ಯಾರು?

ಫೈಲು ಮುಚ್ಚಿ ಒಳಗಿಡು. ನಾನು ಬರುವುದಿಲ್ಲ.

ಕುಲ್ಪಾಶ್


ಓದುಗರ ಕೊಠಡಿ
28 ಆಗಸ್ಟ್ 1993

ಕುಲ್ಪಾಶ್ ಅಪಾ,

ಈ ಕಾಗದವನ್ನು ಕೊನೆಯವರೆಗೆ ಓದಿ. ಆಮೇಲೆ ಒಲೆಗೆ ಹಾಕಿ, ಬೇಡ ಎನ್ನುವುದಿಲ್ಲ.

ನಿಮ್ಮ ತೀರ್ಪನ್ನು ಫೈಲಿಗೆ ಸೇರಿಸಲು ಹೋದವನು ಅಲ್ಲೇ ಕೂತು ಎಪ್ಪತ್ತೆರಡು ಹಾಳೆಯನ್ನೂ ಓದಿದೆ. ಮೊದಲು ಓದಿದ್ದು ಆರೇಳು ಹಾಳೆ ಮಾತ್ರ, ಎರಡನೆಯ ಹಾಳೆ ನೋಡಿ ಮನಸ್ಸು ಕೆಟ್ಟು ಮುಚ್ಚಿಟ್ಟಿದ್ದೆ. ಇಪ್ಪತ್ತೆರಡು ವರ್ಷದ ನೌಕರಿ ಮಾಡಿದವನು ಮಾಡಬಾರದ ಕೆಲಸ ಅದು. ನಿರ್ದೇಶಕರ ಛೀಮಾರಿ ಇದಕ್ಕೆ ಬರಬೇಕಿತ್ತು.

ಅವರನ್ನು ಮೂರು ಸಲ ವಿಚಾರಣೆ ಮಾಡಿದ್ದಾರೆ. ನವೆಂಬರ್ ಹತ್ತೊಂಬತ್ತರಂದು ಎಲ್ಲ ಆರೋಪಗಳನ್ನೂ ಅಲ್ಲಗಳೆದಿದ್ದಾರೆ. ಸಹಿ ದುಂಡಗಿದೆ, ಹಾಜರಿ ಪುಸ್ತಕದಲ್ಲಿದ್ದ ಹಾಗೇ. ಡಿಸೆಂಬರ್ ಮೂರರಂದು ಬಾವಿಗಳಿಗೆ ವಿಷ ಹಾಕಲು ಹೊರಟಿದ್ದೆ ಎಂದು ಒಪ್ಪಿದ್ದಾರೆ. ಜನವರಿ ಹನ್ನೊಂದರಂದು ಜಪಾನಿನ ಗೂಢಚಾರ ಎಂದು ಒಪ್ಪಿದ್ದಾರೆ, ಅಕ್‌ತೂಮಾದ ರೈಲು ಸೇತುವೆ ಉಡಾಯಿಸಲು ಹೊಂಚಿದ್ದೆ ಎಂದು ಒಪ್ಪಿದ್ದಾರೆ. ನಿಮ್ಮೂರಿಗೆ ಇವತ್ತಿಗೂ ರೈಲಿಲ್ಲ. ಅವತ್ತಿನ ಸಹಿಯನ್ನು ಸಹಿ ಎನ್ನಲಾಗದು, ಹಾಳೆಯ ಅಂಚಿನವರೆಗೆ ಜಾರಿಹೋದ ಒಂದು ಗೆರೆ. ಅವರ ಕೈಗೆ ಏನು ಮಾಡಿದ್ದರೋ ನನಗೆ ಯೋಚಿಸಲಾಗುತ್ತಿಲ್ಲ.

ಮೂರು ಸಲವೂ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದಾರೆ. ಇದ್ದ ಹಾಗೇ ಬರೆಯುತ್ತೇನೆ: 'ಮನೆಯಲ್ಲಿರುವ ಹುಡುಗಿ ನಿನ್ನ ಮಗಳೆಂದು ಮಾಹಿತಿ ಬಂದಿದೆ. ಒಪ್ಪಿಕೋ.' ಉತ್ತರ: 'ಅಲ್ಲ. ನನ್ನ ತಂದೆಯ ಮಗಳು. ನನ್ನ ತಂಗಿ.' ನವೆಂಬರಿನಲ್ಲಿ ಇದೇ ಉತ್ತರ. ಡಿಸೆಂಬರಿನಲ್ಲಿ ಇದೇ. ಜನವರಿಯಲ್ಲಿ, ಆ ಗೆರೆಯ ಮೇಲೆ, ಇದೇ. ಉಳಿದೆಲ್ಲವನ್ನೂ ಒಪ್ಪಿಕೊಂಡರು ಅಪಾ. ನಿಮ್ಮನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಯಾಕೆಂದು ನನಗೆ ಗೊತ್ತು, ಅದೇ ಕಪಾಟಿನಲ್ಲಿ ಮೂವತ್ತೆಂಟು ಫೈಲುಗಳಿವೆ. ಯಾವ ಫೈಲಿನಲ್ಲಿ ತಾಯಿಯಿಲ್ಲದ ಮಗು ಎಂದು ಬರೆದಿದೆಯೋ ಅದರಲ್ಲೆಲ್ಲ ಒಂದು ತೆಳು ಚೀಟಿ ಇದೆ: ಮಕ್ಕಳ ಗೃಹಕ್ಕೆ ಸಾಗಿಸಲಾಗಿದೆ, ಹೆಸರು ಬದಲಿಸಲಾಗಿದೆ. ಅಂಥ ಮಕ್ಕಳು ಈಗ ಮುದುಕರಾಗಿ ನನಗೆ ಕಾಗದ ಬರೆಯುತ್ತಾರೆ, ತಮ್ಮ ಹೆಸರೇನು ಎಂದು ಕೇಳುತ್ತಾರೆ. ಉತ್ತರ ಬರೆಯಲು ನನ್ನಲ್ಲಿ ಏನೂ ಇರುವುದಿಲ್ಲ. ನಿಮ್ಮ ತಂದೆಯ ಫೈಲಿನಲ್ಲಿ ಆ ಚೀಟಿ ಇಲ್ಲ. ಅದರ ಬದಲು, ಹಿಡಿಯಲು ಬಂದವನ ಟಿಪ್ಪಣಿ ಇದೆ: 'ಹುಡುಗಿಯನ್ನು ಪ್ರತ್ಯೇಕವಾಗಿ ಕೇಳಲಾಯಿತು. ಆರೋಪಿಯನ್ನು ಅಣ್ಣ ಎನ್ನುತ್ತಾಳೆ. ಜನನ ದಾಖಲೆಯೂ ಹಾಗೇ ಇದೆ. ಕ್ರಮ ಬೇಕಿಲ್ಲ.' ಅಜ್ಜ ಬರೆಸಿದ್ದು, ನೀವು ಹೇಳಿದ್ದು, ಅವರು ಹೇಳಿದ್ದು, ಮೂರೂ ಒಂದೇ ಆಗಿದ್ದರಿಂದ ನೀವು ಅಕ್‌ತೂಮಾದಲ್ಲೇ ಉಳಿದಿರಿ.

ಇನ್ನು ಕಚೇರಿಯ ಮಾತು. ತೀರ್ಪು ಕೈಗೆ ಬಂದಿರುವುದರಿಂದ ನಿಮ್ಮನ್ನು ಮಗಳೆಂದೇ ನೋಂದಾಯಿಸಬಹುದು. ನಿರ್ದೇಶಕರೂ ಒಪ್ಪಿದ್ದಾರೆ, ಅವರಿಗೂ ನಿಮ್ಮ ಹೆದರಿಕೆ ಇದೆ. ನಿಯಮದಂತೆ ಎರಡನೆಯ ಹಾಳೆಗೆ ಒಂದು ತಿದ್ದುಪಡಿ ಚೀಟಿ ಅಂಟಿಸಬೇಕು: 'ಮಕ್ಕಳ ಬಗ್ಗೆ ಬಂಧಿತನು ನೀಡಿದ ಮಾಹಿತಿ ಸುಳ್ಳೆಂದು ದೃಢಪಟ್ಟಿದೆ. ಮಗಳು: ಕುಲ್ಪಾಶ್.' ಚೀಟಿ ಟೈಪಾಗಿ ಸಿದ್ಧವಾಗಿದೆ. ನಿಮ್ಮ ಒಪ್ಪಿಗೆಯ ಸಹಿ ಬಂದರೆ ಅಂಟಿಸುತ್ತೇನೆ. ನೀವು ಕೇಳಿದ ಹಾಳೆ ಅದೇ ಅಪಾ. ಕಡೆಗೂ ಸಿಕ್ಕಿತು.

ತುರ್ಲಿಬೆಕ್


ಅಕ್‌ತೂಮಾ
14 ಸೆಪ್ಟೆಂಬರ್ 1993

ತುರ್ಲಿಬೆಕ್, ತಮ್ಮಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೊದಲ ದಿನ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಂಡು ಕಿರುಚಿದೆ. ಸೊಸೆ ಹೊರಗೆ ನಿಂತು "ಅತ್ತೆ, ಏನಾಯ್ತು? ಯಾರಾದ್ರೂ ಹೋಗ್ಬಿಟ್ರಾ?" ಎಂದಳು. "ಹೌದು ಕಣೇ, ನಮ್ಮಪ್ಪ" ಎಂದೆ. ಪಾಪ, ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವಳೇ ಹಿಟ್ಟು ಕಲಸಿದಳು, ನಾನು ಕರಿದೆ, ಊರಿಗೆಲ್ಲ ಹಂಚಿದೆವು.

ಈಗ ಆ ಚೀಟಿಯ ವಿಷಯ. ಅಂಟಿಸಬೇಡ.

ನಿರ್ದೇಶಕರಿಗೂ ಹೇಳು, ನಾನೇ ಬೇಡವೆಂದೆ ಎಂದು. ಸುಳ್ಳೆಂದು ದೃಢಪಟ್ಟಿದೆಯಂತೆ! ಬಾವಿಗೆ ವಿಷ ಎಂಬ ಹಾಳೆಯ ಮೇಲೆ ಸುಳ್ಳೆಂದು ಚೀಟಿ ಅಂಟಿಸಿದ್ದೀರಾ? ಜಪಾನಿನ ಹಾಳೆಯ ಮೇಲೆ? ಇಲ್ಲದ ಸೇತುವೆಯ ಮೇಲೆ? ಅವೆಲ್ಲ ಹಾಗೇ ನಿಜವಾಗಿ ಕೂತಿರಲಿ, ಇದೊಂದು ಮಾತ್ರ ಸುಳ್ಳಾಗಬೇಕೋ? ಅವನ ಕೈ ಮುರಿದು ಎಲ್ಲವನ್ನೂ ಬರೆಸಿಕೊಂಡರು. ಇದೊಂದನ್ನು ಬರೆಸಿಕೊಳ್ಳಲಾಗಲಿಲ್ಲ. ಆ ಎಪ್ಪತ್ತೆರಡು ಹಾಳೆಯಲ್ಲಿ ಅವನು ಗೆದ್ದದ್ದು ಇಲ್ಲಿ ಮಾತ್ರ. ಐವತ್ತಾರು ವರ್ಷವಾದ ಮೇಲೆ ಅವರ ಕೆಲಸವನ್ನು ನಾನು ಸಹಿ ಹಾಕಿ ಮುಗಿಸಿಕೊಡಲೇ?

ಈಗ ಕಾಲ ಬದಲಾಗಿದೆ, ಬಾವುಟ ಬದಲಾಗಿದೆ, ಹೆದರುವುದೇನಿದೆ ಎಂದು ನೀನು ಹೇಳುತ್ತೀಯ. ನನ್ನ ಮಕ್ಕಳೂ ಅದನ್ನೇ ಹೇಳಿದರು. ನಾನು ಹೆದರಿಲ್ಲ. ನನಗೆ ಸಿಟ್ಟು ಬಂದಿದೆ. ಅವನನ್ನು ನ್ಯುಮೋನಿಯಾದಿಂದ ಸಾಯಿಸಿದ ಸೀಲು, ಗುಂಡಿಕ್ಕಿದ ಸೀಲು, ಈಗ ನನ್ನನ್ನು ಮಗಳನ್ನಾಗಿ ಮಾಡುವ ಸೀಲು, ಎಲ್ಲವೂ ದುಂಡಗೇ ಇವೆ.

ನಾನು ಸಾಯುವವರೆಗೂ ನಿನ್ನ ಮೇಲಿನವರನ್ನು ಬಯ್ಯುತ್ತೇನೆ, ಅದರಲ್ಲಿ ಕಡಿಮೆ ಮಾಡುವುದಿಲ್ಲ. ನಿನ್ನನ್ನು ಬಯ್ದದ್ದಕ್ಕೆ ಮಾತ್ರ ಕ್ಷಮಿಸು. ಆ ಕಾಗದ ಬರೆಯುವ ಹೆಸರಿಲ್ಲದ ಮುದುಕರಿಗೆ ಉತ್ತರ ಬರೆಯುವುದನ್ನು ಬಿಡಬೇಡ. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದಾದರೂ ಬರೆ.

ಗುರುವಾರದ ಬಸ್ಸಿಗೆ ಬರುತ್ತೇನೆ. ಎಪ್ಪತ್ತೆರಡೂ ಹಾಳೆ ಓದುತ್ತೇನೆ, ನೀನು ಪಕ್ಕದಲ್ಲಿರಬೇಡ, ಆ ಹೊತ್ತಿಗೆ ಎಲ್ಲಾದರೂ ಹೋಗಿ ಉಂಡು ಬಾ. ನಿನ್ನ ಎರಡನೆಯ ನಮೂನೆಯನ್ನು ಒಲೆಗೆ ಹಾಕಿರಲಿಲ್ಲ, ತುಂಬಿ ಇದರ ಜೊತೆ ಇಟ್ಟಿದ್ದೇನೆ. ಸಂಬಂಧ ಎಂಬಲ್ಲಿ ತಂಗಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ನೋಡಿಕೋ. ಯಾರು ಕೇಳಿದರೂ ಅದನ್ನೇ ತೋರಿಸು. ಅಪ್ಪ ನನ್ನನ್ನು ಅವರಿಗೆ ಕೊಡಲಿಲ್ಲ. ನಾನೂ ಕೊಡುವುದಿಲ್ಲ.

ಕುಲ್ಪಾಶ್